ಉಪವಾಸದ ಮಡಿಗಳು

ನನ್ನ ಎಂ.ಎಸ್ಸಿ. ಒಂದು ವರ್ಷ ತಡವಾಗಿ ಮುಗಿದದ್ದಕ್ಕೆ ಕಾರಣ ನಮ್ಮ ದೊಡ್ಡವ್ವ ಭೀಮಕ್ಕ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ, ಅವಳ ಮುಂದೆಯೂ ಹೇಳಿದ್ದೇನೆ. ಅವಳು ಅಲ್ಲಗಳೆಯುವುದಿಲ್ಲ. “ಹೂಂ, ನನ್ನಿಂದನ ಆತು. ಈಗೇನು?” ಎಂದು ರೊಟ್ಟಿ ಬಡಿಯುವುದನ್ನು ಮುಂದುವರಿಸುತ್ತಾಳೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅವಳ ಸಿಟ್ಟನ್ನು ಊರಲ್ಲಿ ಕಂಡವರೇ ಇಲ್ಲ. ಹಾಗಾಗಿ ನಮ್ಮಿಬ್ಬರ ಜಗಳವನ್ನು ಯಾವಾಗಲೂ ನಾನೊಬ್ಬಳೇ ಆಡಬೇಕಾಗುತ್ತದೆ.

ದೊಡ್ಡವ್ವ ಎಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ಕುಷ್ಟಗಿಯಿಂದ ಯಲಬುರ್ಗಾ ಕಡೆ ಹೋಗುವ ದಾರಿಯಲ್ಲಿ ನಮ್ಮೂರು. ಒಂದೇ ಓಣಿಯಲ್ಲಿ ನಮ್ಮ ಎರಡು ಮನೆ. ಊರಿನ ಸರ್ಕಾರಿ ಶಾಲೆಯಲ್ಲಿ ಅವಳು ಇಪ್ಪತ್ತು ವರ್ಷ ಬಿಸಿಯೂಟದ ಅಡುಗೆ ಮಾಡಿದಳು. ಈಗ ಕೆಲಸ ಬಿಟ್ಟಿದ್ದಾಳೆ, ಆದರೆ ಕೈ ಸುಮ್ಮನೆ ಕೂತಿಲ್ಲ. ಬೇರೆಯವರ ಮನೆಯ ಮದುವೆಗೆ ಹೋದರೂ ಸಾಲಿನಲ್ಲಿ ಯಾರ ಎಲೆ ಖಾಲಿ ಇದೆ ಎಂದು ಕತ್ತು ಚಾಚಿ ನೋಡುತ್ತಾಳೆ. ಕಂಡರೆ ತನ್ನ ಊಟ ಬಿಟ್ಟು ಎದ್ದು ಸೌಟು ಹಿಡಿಯುತ್ತಾಳೆ. ಒಂದೇ ಸಾಲಿನಲ್ಲಿ ಕೂತವರಲ್ಲಿ ಒಬ್ಬರಿಗೆ ನೀಡಿ ಇನ್ನೊಬ್ಬರಿಗೆ ನೀಡದಿರುವುದಕ್ಕಿಂತ ದೊಡ್ಡ ಪಾಪ ಅವಳಿಗೆ ಗೊತ್ತಿಲ್ಲ.

ಆದರೆ ಶಾಲೆಯಲ್ಲಿ ನನ್ನನ್ನು ಮಾತ್ರ ಸಾಲಿನ ಕೊನೆಯಲ್ಲಿ ಕೂರಿಸುತ್ತಿದ್ದಳು. ತನ್ನ ಮನೆಯ ಹುಡುಗಿಗೆ ಮೊದಲು ನೀಡಿದಳು ಎಂದು ಯಾರೂ ಆಡಿಕೊಳ್ಳಬಾರದು, ಅದಕ್ಕೆ. ಎಂಬತ್ತು ಮಕ್ಕಳಿಗೆ ಅನ್ನ ಸಾರು ಬಡಿಸಿ, ಎಲ್ಲರ ತಾಟು ತುಂಬಿದ ಮೇಲೆ, ಪಾತ್ರೆಯ ತಳದಲ್ಲಿ ಸೌಟು ಕೆರೆಯುವ ಸಪ್ಪಳ ಕೇಳಿಸಿದರೆ ನನ್ನ ಸರದಿ ಬಂತೆಂದು ಅರ್ಥ. ಒಂದನೇ ತರಗತಿಯಿಂದ ಏಳನೆಯವರೆಗೂ ನಾನು ಆ ಸಪ್ಪಳ ಕೇಳುತ್ತಲೇ ಹಸಿದು ಕೂತಿದ್ದೇನೆ. ಈ ಸಿಟ್ಟನ್ನು ಎಷ್ಟೋ ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದೆ.

ನನ್ನ ಹೆಸರು ದಾಕ್ಷಾಯಿಣಿ. ದೊಡ್ಡವ್ವ ಮಾತ್ರ ‘ದ್ರಾಕ್ಷಿ’ ಅನ್ನುತ್ತಾಳೆ. ಕೃಷಿ ಕಾಲೇಜಿನಲ್ಲಿ ನಾನು ಓದುತ್ತಿದ್ದದ್ದು ಮಣ್ಣಿನ ಸೂಕ್ಷ್ಮಜೀವಿಗಳ ಬಗ್ಗೆ. ನನ್ನ ಮಾರ್ಗದರ್ಶಕರು ರೆಹಮಾನ ಸರ್, ಇದೇ ಸೀಮೆಯವರು. ನಮ್ಮ ಕೆಂಪು ಮಸಾರಿ ಹೊಲದಲ್ಲಿ ರಂಜಕ ಬೇಕಾದಷ್ಟಿದೆ, ಆದರೆ ಅದು ಗಿಡಕ್ಕೆ ಸಿಗದಂತೆ ಮಣ್ಣಿಗೆ ಅಂಟಿ ಕೂತಿದೆ. ಅದನ್ನು ಕರಗಿಸುವ ಬ್ಯಾಕ್ಟೀರಿಯಾ ಒಂದಿದೆ. ಬೇರಿನೊಳಗೇ ಮನೆ ಮಾಡಿಕೊಂಡು, ಕೂದಲಿಗಿಂತ ಸಣ್ಣ ಎಳೆಗಳನ್ನು ದೂರದವರೆಗೆ ಚಾಚಿ, ಕರಗಿದ್ದನ್ನು ಎಳೆದು ತಂದು ಗಿಡಕ್ಕೆ ಕೊಡುವ ಶಿಲೀಂಧ್ರ ಇನ್ನೊಂದು. ಅದಕ್ಕೆ ಮೈಕೊರೈಜಾ ಎಂದು ಹೆಸರು. ಇವೆರಡನ್ನೂ ಒಟ್ಟಿಗೆ ಹಾಕಿದರೆ ಆಲೂಗಡ್ಡೆ ಎಷ್ಟು ಹೆಚ್ಚು ಬರುತ್ತದೆ ಎಂದು ನೋಡುವುದೇ ನನ್ನ ಕೆಲಸ. ಆಲೂಗಡ್ಡೆಯ ಬೇರು ಕುಳ್ಳು, ದೂರ ಹೋಗಿ ದುಡಿಯುವ ಜಾತಿ ಅಲ್ಲ. ಈ ಇಬ್ಬರ ನೆರವು ಅದಕ್ಕೇ ಹೆಚ್ಚು ಬೇಕು.

ಪ್ರಯೋಗಕ್ಕೆ ಹೊಲ ಕೇಳಿದಾಗ ದೊಡ್ಡವ್ವ ಹಿಂದೆ ಮುಂದೆ ನೋಡಲಿಲ್ಲ. ಅವಳ ಮಗ ಕಲ್ಲೇಶ ಉಳಿದ ಭೂಮಿಗೆಲ್ಲ ದಾಳಿಂಬೆ ಹಾಕಿದ್ದ. ಬೋರಿನ ಪಕ್ಕದ ಅರ್ಧ ಎಕರೆ ಮಾತ್ರ ಕಾಯಿಪಲ್ಯಕ್ಕೆಂದು ಅವಳ ಕೈಯಲ್ಲಿತ್ತು. ಅದನ್ನೇ ಕೊಟ್ಟಳು. ನಾನು ಬ್ಯಾಕ್ಟೀರಿಯಾದ ಕಪ್ಪು ಪುಡಿಯ ಪಾಕೀಟು, ಕಾಲೇಜಿನ ಕುಂಡಗಳಲ್ಲಿ ಜೋಳದ ಬೇರಿನ ಜೊತೆ ನಾಲ್ಕು ತಿಂಗಳು ಬೆಳೆಸಿದ ಶಿಲೀಂಧ್ರದ ಮಣ್ಣಿನ ಚೀಲ ಎರಡನ್ನೂ ಅವಳ ಮುಂದಿಟ್ಟು ವಿವರಿಸಿದೆ.

ಅವಳು ಪೂರ್ತಿ ಕೇಳಿಸಿಕೊಂಡು, “ತಿಳೀತು ಬಿಡು. ಒಬ್ಬಾಕಿ ಅಡಗಿ ಮಾಡಾಕಿ, ಇನ್ನೊಬ್ಬಾಕಿ ನೀಡಾಕಿ. ಸಾಲ್ಯಾಗ ನಾನು, ಯಮನೂರಮ್ಮ ಇದ್ದಂಗ. ಆಕಿ ಬರದ ದಿನ ನನ್ನ ಅಡಗಿ ಒಲಿ ಮ್ಯಾಗ ಆರತಿತ್ತು,” ಎಂದಳು.

ಇಷ್ಟು ಚೆಂದವಾಗಿ ನಾನು ಸೆಮಿನಾರಿನಲ್ಲೂ ಹೇಳಿರಲಿಲ್ಲ. ಅವಳಿಗೆ ಎಲ್ಲಾ ಅರ್ಥವಾಯಿತು ಎಂದುಕೊಂಡೆ. ಅಲ್ಲೇ ನಾನು ಎಡವಿದ್ದು.

ಒಟ್ಟು ಇಪ್ಪತ್ತು ಮಡಿ, ಐದು ಸಾಲು, ಸಾಲಿಗೆ ನಾಲ್ಕು ಬಗೆಯವು ಒಂದೊಂದು, ಒಂದೊಂದು ಮಡಿಯಲ್ಲಿ ನಲವತ್ತು ಗಡ್ಡೆ. ಐದು ಮಡಿಗೆ ಬ್ಯಾಕ್ಟೀರಿಯಾ ಮಾತ್ರ, ಐದಕ್ಕೆ ಶಿಲೀಂಧ್ರ ಮಾತ್ರ, ಐದಕ್ಕೆ ಎರಡೂ. ಉಳಿದ ಐದು ಮಡಿಗೆ ಏನೂ ಇಲ್ಲ. ಆ ಐದನ್ನು ನಾವು ಕಂಟ್ರೋಲ್ ಅನ್ನುತ್ತೇವೆ. ಉಳಿದವು ಎಷ್ಟು ಬೆಳೆದವು ಎಂದು ಅಳೆಯಲು ಅವೇ ಅಳತೆಗೋಲು. ಒಂದರ ಸೋಂಕು ಇನ್ನೊಂದಕ್ಕೆ ತಗುಲಬಾರದೆಂದು ನಾಟಿಯ ದಿನ ಬೆಳಿಗ್ಗೆ ಮೊದಲು ಅವನ್ನೇ ನಾಟಿ ಮಾಡಿದೆ. ದೊಡ್ಡವ್ವ ಬದುವಿನ ಮೇಲೆ ನಿಂತು ನೋಡುತ್ತಿದ್ದಳು.

“ಇವಕ್ಕೇನು ಹಾಕ್ತಿ?”

“ಇವಕ್ಕೇನೂ ಇಲ್ಲ.”

“ಯಾಕ? ಏನು ತಪ್ಪು ಮಾಡ್ಯಾವ?”

“ತಪ್ಪಲ್ಲ ದೊಡ್ಡವ್ವ. ಇವು ಹಂಗ ಇರಬೇಕು. ಇವು ಉಪವಾಸ ಇದ್ರನ ಉಳಿದಾವು ಎಷ್ಟು ಉಂಡಾವ ಅಂತ ಗೊತ್ತಾಗೂದು.”

ಅವಳು ಮತ್ತೇನೂ ಕೇಳಲಿಲ್ಲ. ಅವಳು ಕೇಳುವುದನ್ನು ನಿಲ್ಲಿಸಿದಳೆಂದರೆ ಒಪ್ಪಿದಳು ಎಂದಲ್ಲ. ಇದು ನನಗೆ ಹುಟ್ಟಿದಾಗಿನಿಂದ ಗೊತ್ತಿರಬೇಕಿತ್ತು. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೂ ಮಡಿ ಮುಗಿದವು. ಅರ್ಧ ಚೀಲ ಮಣ್ಣು, ಬೆಲ್ಲದ ನೀರಿನಲ್ಲಿ ಕಲಸಿದ ಬ್ಯಾಕ್ಟೀರಿಯಾ ಒಂದೂವರೆ ಬಕೆಟ್ ಉಳಿದಿತ್ತು. ಮಡಿಗಳಿಗೆ ನೆಡುವ ತಗಡಿನ ಫಲಕ ಬರೆಸಲು ಕೊಟ್ಟಿದ್ದೆ. ಅವನ್ನು ತರಲು ಕುಷ್ಟಗಿಗೆ ಹೋದೆ. ಸಂಜೆ ಬಂದು ನೋಡಿದರೆ ಬಕೆಟ್ ತೊಳೆದು ಬೋರಲು ಹಾಕಿತ್ತು, ಚೀಲ ಝಾಡಿಸಿ ಮಡಚಿಟ್ಟಿತ್ತು. “ಭಾಳ ಛಲೋ ಮಾಡಿದಿ ದೊಡ್ಡವ್ವ,” ಎಂದು ನಾನೇ ಹೊಗಳಿದೆ.

ಐವತ್ತು ದಿನಕ್ಕೆ ನನ್ನ ನಿದ್ದೆ ಹಾರಿತು. ಎರಡೂ ಹಾಕಿದ ಮಡಿಗಳು ಕಡುಹಸಿರಾಗಿ ಸೊಂಪಾಗಿದ್ದವು, ಸರಿ. ಆದರೆ ಏನೂ ಹಾಕದ ಐದೂ ಅಷ್ಟೇ ಸೊಂಪಾಗಿದ್ದವು. ಬದಲಿಗೆ ಒಂದೊಂದನ್ನೇ ಹಾಕಿದ ಮಡಿಗಳು ಹಿಂದೆ ಬಿದ್ದಿದ್ದವು. ನಾನು ಬೋರಿನ ನೀರನ್ನು ಬೈದೆ, ಗಡ್ಡೆ ಕೊಟ್ಟವನನ್ನು ಬೈದೆ, ಪಕ್ಕದ ಹೊಲದ ದಾಳಿಂಬೆಗೆ ಗೊಬ್ಬರ ಹಾಕಿದ ಕಲ್ಲೇಶಣ್ಣನನ್ನೂ ಬೈದೆ. ಕೊನೆಗೆ ಬೇರು ಕಿತ್ತುಕೊಂಡು ಕಾಲೇಜಿಗೆ ಹೋಗಿ, ತೊಳೆದು, ನೀಲಿ ಬಣ್ಣದಲ್ಲಿ ಅದ್ದಿ ಮೈಕ್ರೋಸ್ಕೋಪಿನಡಿ ಇಟ್ಟೆ. ಶಿಲೀಂಧ್ರ ಇದ್ದಲ್ಲಿ ಬೇರು ನೀಲಿಯಾಗುತ್ತದೆ. ಕಂಟ್ರೋಲ್ ಮಡಿಯ ನೂರು ತುಂಡು ಬೇರಿನಲ್ಲಿ ಎಂಬತ್ತು ನೀಲಿ. ಹೊಲದಲ್ಲಿ ತಾನಾಗಿ ಇರುವ ಶಿಲೀಂಧ್ರದಿಂದ ಅಷ್ಟಾಗುವುದಿಲ್ಲ. ಯಾರೋ ಹಾಕಿದ್ದಾರೆ.

ಆ ಯಾರೋ ಯಾರೆಂದು ಎರಡು ದಿನದ ನಂತರ ಎಳ್ಳಮಾವಾಸ್ಯೆಯಂದು ತಿಳಿಯಿತು. ಅವತ್ತು ನಮ್ಮ ಕಡೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಮಾಡಿದ ಅಡುಗೆಯನ್ನು ಮೊದಲು ಭೂತಾಯಿಗೆ ಚರಗ ಚೆಲ್ಲಿ ಆಮೇಲೆ ಉಣ್ಣುತ್ತೇವೆ. ಸಜ್ಜೆ ರೊಟ್ಟಿ, ಕಡುಬು, ಪುಂಡಿಪಲ್ಯ ಎಲ್ಲಾ ಕಲಸಿದ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ದೊಡ್ಡವ್ವ ಹೊಲದ ಸುತ್ತ ಚೆಲ್ಲುತ್ತಾ ಬಂದಳು. ನಾನು ನೀರಿನ ತಂಬಿಗೆ ಹಿಡಿದು ಹಿಂದೆ. ಕಂಟ್ರೋಲ್ ಮಡಿಗಳ ಹತ್ತಿರ ಅವಳು ಎಲ್ಲಕ್ಕೂ ಚೆಲ್ಲಿದಷ್ಟೇ ಚೆಲ್ಲಿ ಮುಂದೆ ನಡೆದಳು. ಮನಸ್ಸು ಕೆಟ್ಟಿದ್ದರೂ ನನಗೆ ಅವಳನ್ನು ಕೆಣಕಬೇಕೆನಿಸಿತು.

“ನಿನ್ನ ಉಪವಾಸದ ಮಡಿಗೆ ಇನ್ನೊಂದೀಟು ಹೆಚ್ಚಿಗಿ ಹಾಕಂಗಿಲ್ಲೇನು?”

“ಅವಕ್ಯಾಕ ಹೆಚ್ಚಿಗಿ? ಅವು ನಾಟಿ ದಿನಾನ ಉಂಡಾವ.”

ನಾನು ನಿಂತೆ. “ಏನ್ ಉಂಡಾವ?”

“ಉಳಿದಿತ್ತಲ್ಲ, ಅರ್ಧ ಚೀಲ ಮಣ್ಣು, ಬಕೀಟಿನ್ಯಾಗಿಂದು. ನೀ ಕುಷ್ಟಗಿಗೆ ಹೋಗಿದ್ದಿ. ಕುರ್ಪಿಲೆ ಒಂದೊಂದ ಬುಡ ತಗದು, ಒಂದೊಂದು ಹಿಡಿ ಮಣ್ಣು, ಒಂದೊಂದು ಸೌಟು ನೀರು ಹಾಕಿ ಮುಚ್ಚಿದ್ನಿ. ಇನ್ನೂರಕ್ಕೂ ಬರೋಬರಿ ಆತು, ಒಂದಕ್ಕೂ ಕಡಿಮಿ ಬೀಳಲಿಲ್ಲ.” ಅವಳ ಮುಖದಲ್ಲಿ ನಾಚಿಕೆ ಇರಲಿಲ್ಲ, ಹೆಮ್ಮೆ ಇತ್ತು. “ಒಂದೊಂದು ಬಿದ್ದಾವು ಹೆಂಗೋ ಉಂಡಾವು. ಸಾರಿಲ್ಲದ ಅನ್ನ, ಅನ್ನ ಇಲ್ಲದ ಸಾರು. ಖಾಲಿ ತಾಟು ಹಿಡದು ಕುಂತಾವನ್ನ ಹೆಂಗ ನೋಡೂದು ದ್ರಾಕ್ಷಿ? ಒಂದ ಸಾಲಿನ್ಯಾಗ ಕುಂಡ್ರಿಸೀದಿ.”

ಒಂದು ಇಡೀ ಹಂಗಾಮು ಹೋಯಿತು. ಕಂಟ್ರೋಲ್ ಇಲ್ಲದ ಪ್ರಯೋಗವನ್ನು ಯಾವ ಪರೀಕ್ಷಕರೂ ಮುಟ್ಟುವುದಿಲ್ಲ. ಆಲೂಗಡ್ಡೆ ನಮ್ಮಲ್ಲಿ ಬರುವುದು ಚಳಿಗಾಲದಲ್ಲಿ ಮಾತ್ರ. ಮಾರ್ಚಿಗೆ ನನ್ನ ಫೆಲೋಶಿಪ್ ಮುಗಿಯುತ್ತಿತ್ತು. ಡಿಗ್ರಿ ಸಿಗುತ್ತದೋ ಇಲ್ಲವೋ ಎನ್ನುವುದೇ ಅನುಮಾನವಾಯಿತು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅನ್ನಬಾರದ್ದನ್ನೂ ಅಂದೆ.

“ಮಣ್ಣಾಗಿನ ಗಡ್ಡಿಗೆ ನಿನಗ ಅಷ್ಟು ಕರುಣಾ ಬಂತು. ಸಾಲ್ಯಾಗ ಏಳು ವರ್ಷ ನನ್ನ ಕಡೀಕ ಕುಂಡ್ರಿಸಿ ತಳದ ಸಾರು ನೀಡಿದೆಲ್ಲ, ಆಗ ಎಲ್ಲಿ ಹೋಗಿತ್ತು ಕರುಣಾ?”

ದೊಡ್ಡವ್ವ ಏನೋ ಹೇಳಲು ಬಾಯಿ ತೆರೆದಳು. “ತಳದ ಸಾರ...” ಎಂದಷ್ಟೇ ಅಂದು ಮುಂದೆ ನಡೆದಳು. ಬುಟ್ಟಿಯಲ್ಲಿ ಉಳಿದದ್ದನ್ನು ಚೆಲ್ಲಿ ಮುಗಿಸಿದಳು. ಅವತ್ತು ಬೇವಿನ ಮರದ ಕೆಳಗೆ ಎಲ್ಲರೂ ಉಂಡರು, ನಾನು ಉಣ್ಣಲಿಲ್ಲ. ನಾನು ಉಣ್ಣಲಿಲ್ಲವೆಂದು ಅವಳೂ ಉಣ್ಣಲಿಲ್ಲ.

ಮರುದಿನವೇ ರೆಹಮಾನ ಸರ್ ಮುಂದೆ ಹೋಗಿ ನಿಂತೆ. ನಡೆದದ್ದನ್ನು ಮುಚ್ಚಿಟ್ಟು, ಅಂಕಿಗಳನ್ನು ಹೇಗೋ ಹೊಂದಿಸಿಬಿಡಬಹುದಿತ್ತು. ಬಸ್ಸಿನಲ್ಲಿ ಆ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಸುಳ್ಳು ಅಂಕಿ ಬರೆದರೆ ದೊಡ್ಡವ್ವನ ತಪ್ಪಿಗಿಂತ ದೊಡ್ಡ ತಪ್ಪು ನನ್ನದಾಗುತ್ತಿತ್ತು, ಅದೂ ಪ್ರೀತಿಯಿಂದ ಮಾಡಿದ್ದಲ್ಲ. ಎಲ್ಲಾ ಹೇಳಿದೆ. ಸರ್ ಕನ್ನಡಕ ತೆಗೆದು ಒರೆಸುತ್ತಾ ಕೇಳಿದರು.

“ಅದು ಇರಲಿ. ಕಂಟ್ರೋಲಿಗೆ ನೀ ಏನ್ ಹಾಕಿದ್ದಿ?”

“ಏನೂ ಇಲ್ರಿ ಸರ್.”

“ಏನೂ ಇಲ್ಲ? ಅದ ಮಣ್ಣು, ಅದ ಪುಡಿ, ಬೇಯಿಸಿ ಜೀವ ಹೋದ ಮ್ಯಾಗ ಹಾಕಬೇಕು ಅಂತ ಹೇಳಿದ್ನೆಲ್ಲ.”

ಹೇಳಿದ್ದರು. ನನ್ನ ನೋಟುಪುಸ್ತಕದಲ್ಲಿ ನನ್ನ ಕೈಬರಹದಲ್ಲೇ ಇತ್ತು. ಬೇಯಿಸುವ ಯಂತ್ರಕ್ಕೆ ವಾರಗಟ್ಟಲೆ ಪಾಳಿ ಇತ್ತು. ಸತ್ತದ್ದನ್ನು ಹಾಕುವುದೂ ಒಂದೇ, ಹಾಕದಿರುವುದೂ ಒಂದೇ ಎಂದು ಬಿಟ್ಟಿದ್ದೆ.

“ಆ ಮಣ್ಣಿನ್ಯಾಗ ಜೋಳದ ಬೇರು ಐತಿ, ನೀರಿನ್ಯಾಗ ಬೆಲ್ಲ ಐತಿ. ಗಿಡ ಬೆಳೆದದ್ದು ಜೀವದಿಂದನೋ ಬೆಲ್ಲದಿಂದನೋ ಹೆಂಗ ಹೇಳ್ತಿ? ಎಲ್ಲಾರಿಗೂ ಒಂದ ತಾಟು ನೀಡಬೇಕು, ಜೀವ ಅಷ್ಟ ಬ್ಯಾರೆ ಇರಬೇಕು. ನಿಮ್ಮ ದೊಡ್ಡವ್ವ ಕೆಡಸದಿದ್ರ ಈ ಪ್ರಯೋಗ ನೀನ ಕೆಡಸಿದ್ದಿ ನೋಡವಾ. ಆಕಿ ಕೇಳಿದ ಪ್ರಶ್ನಿ ಸರಿ ಇತ್ತು.”

ನನಗೆ ಬರಬೇಕಾದ ಸಿಟ್ಟು ಅವತ್ತು ಬರಲಿಲ್ಲ. ಸರ್ ಇನ್ನೊಂದು ವರ್ಷದ ಅವಧಿ ಬರೆದು ಕೊಟ್ಟರು. ಅದೇ ಕೊನೆಯದು, ಈ ಸಲ ಕೆಟ್ಟರೆ ಸೀಟು ಹೋಗುತ್ತದೆ ಎಂದರು.

ಊರಿಗೆ ಬಂದು ದೊಡ್ಡವ್ವನ ಅಡುಗೆಮನೆಯ ಹೊಸ್ತಿಲಲ್ಲಿ ಕೂತೆ. ನೊಂದಾಗ ಅವಳು ಮಾತು ಬಿಡುವುದಿಲ್ಲ, ಊಟ ಹೆಚ್ಚು ನೀಡುತ್ತಾಳೆ. ಮೂರು ರೊಟ್ಟಿ ಆದ ಮೇಲೂ ನಾಲ್ಕನೆಯದು ಬಂದಾಗ ಎಷ್ಟು ನೊಂದಿದ್ದಾಳೆಂದು ತಿಳಿಯಿತು.

“ನನ್ನ ತಪ್ಪೂ ಐತಿ ದೊಡ್ಡವ್ವ. ಮುಂದಿನ ಸಲ ಆ ಮಡಿಗೂ ನೀಡೋಣು. ಎಲ್ಲಾರಿಗೂ ನೀಡಿದ್ದನ್ನ, ಅಷ್ಟ. ಆದ್ರ ಬೇಯಿಸಿದ್ದು.”

ಅವಳು ತವೆಯ ಮೇಲಿನ ರೊಟ್ಟಿ ತಿರುವುತ್ತಾ ಯೋಚಿಸಿದಳು. “ಬೇಯಿಸಿದ್ದಂದ್ರ ಛಲೋನ ಆತಲ್ಲ. ಹಂಗಾರ ಉಳಿದಾವಕ್ಕ ಹಸೀದ ಹಾಕ್ತಿ? ಪಾಪ.”

ನಾನು ನಕ್ಕೆ, ನಗುತ್ತಲೇ ಕಣ್ಣು ಒದ್ದೆಯಾದವು. ಅವಳು ಸೆರಗಿನಿಂದ ನನ್ನ ಮುಖ ಒರೆಸಿ ಐದನೇ ರೊಟ್ಟಿ ಹಾಕಿದಳು.

ಆ ವರ್ಷವೆಲ್ಲ ನಾನು ಊರಲ್ಲೇ ಉಳಿದೆ. ದೊಡ್ಡವ್ವನ ಹಿತ್ತಲಿನ ಕುಂಡಗಳಲ್ಲಿ ಜೋಳ ಬೆಳೆಸಿ ಹೊಸ ಶಿಲೀಂಧ್ರದ ಮಣ್ಣು ಮಾಡಿದೆವು. ನವೆಂಬರಿಗೆ ಬೇಯಿಸುವ ಪ್ರಶ್ನೆ ಬಂತು. ಕಾಲೇಜಿನ ಆ ಯಂತ್ರವೆಂದರೆ ಒಂದು ದೊಡ್ಡ ಕುಕ್ಕರೇ ಎಂದು ಸರ್ ಹೇಳಿದ್ದರು. ದೊಡ್ಡವ್ವ ನೇರ ಶಬ್ಬೀರಸಾಬನ ಮನೆಗೆ ಹೋದಳು. ಅವನು ಮದುವೆ ಮುಂಜಿಗೆ ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವವನು.

“ದೊಡ್ಡ ಕುಕ್ಕರ್ ಬೇಕಾಗಿತ್ತೋ ಶಬ್ಬೀರಣ್ಣ.”

“ಏನ್ ಕಾರ್ಯ ಐತಿ ಭೀಮಕ್ಕ? ಎಷ್ಟು ಮಂದಿ?”

“ಇನ್ನೂರು.”

“ಏನ್ ಅಡಗಿ?”

“ಮಣ್ಣು.”

ಶಬ್ಬೀರಸಾಬ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಅವನು ಮತ್ತೆ ಕೇಳದೆ ಕುಕ್ಕರ್ ತಂದುಕೊಟ್ಟ, ಆದರೆ ಮದುವೆಗೆ ಕೊಡದ ಹಳೆಯದನ್ನು. ಬಟ್ಟೆ ಚೀಲಗಳಲ್ಲಿ ಕಟ್ಟಿದ ಮಣ್ಣು, ಕಪ್ಪು ಪುಡಿ ಎರಡನ್ನೂ ದೊಡ್ಡವ್ವ ಮೂರು ದಿನ ದಿನಕ್ಕೊಂದು ತಾಸು ಬೇಯಿಸಿದಳು. ಸೀಟಿ ಹೊಡೆದಾಗಲೆಲ್ಲ ಓಣಿಯವರು ಬಂದು ಏನು ವಿಶೇಷ ಎಂದು ಕೇಳಿ ಹೋದರು. ಬೆಂದ ಮಣ್ಣನ್ನು ಕಾಲೇಜಿಗೆ ಒಯ್ದು ನೋಡಿದೆ. ಒಂದು ಜೀವವೂ ಇರಲಿಲ್ಲ. “ಹದ ಆಗೇತಿ” ಎಂದು ಬಂದು ಹೇಳಿದೆ. ಅವಳಿಗೆ ಅದು ಮೊದಲೇ ಗೊತ್ತಿತ್ತು.

ನಾಟಿಯ ದಿನ ಬೆಂದದ್ದನ್ನು ನೀಡುವ ಕೆಲಸ ಅವಳದೇ. ಐದೂ ಮಡಿಗೆ, ಇನ್ನೂರು ಗಡ್ಡೆಗೆ, ಒಂದೊಂದು ಹಿಡಿ, ಒಂದೊಂದು ಸೌಟು. ಆಮೇಲೆ ಕೈ, ಸೌಟು ಎಲ್ಲಾ ತೊಳೆದುಕೊಂಡು ಬದುವಿನ ಮೇಲೆ ನಿಂತು ನನ್ನ ಕೆಲಸ ನೋಡತೊಡಗಿದಳು. ನಾನು ಜೀವವಿರುವ ನೀರಿನ ಬಕೆಟ್ ಹಿಡಿದು ಸೌಟಿನಿಂದ ಸುರಿಯುತ್ತಾ ಹೋಗುತ್ತಿದ್ದೆ. ನಾಲ್ಕು ಗಡ್ಡೆ ಆಗಿರಲಿಲ್ಲ, ಬಂದು ನನ್ನ ಕೈಯಿಂದ ಸೌಟು ಕಸಿದುಕೊಂಡಳು.

“ಹೋದ ವರ್ಷಾನೂ ಹಿಂಗ ಹಾಕೀದೇನು? ತಳ ಕಲಸವಾ. ಕಪ್ಪ ಪುಡಿ ಎಲ್ಲಾ ತಳದಾಗ ಕುಂತೈತಿ. ಕಲಸದ ನೀಡಿದ್ರ ಮೊದಲಿನವ್ರಿಗೆ ಬರೇ ನೀರು. ಬ್ಯಾಳಿ ಎಲ್ಲಾ ಕಡೀಕ ಕುಂತಾವರಿಗೆ ಹೋಕ್ಕೈತಿ.”

ನಾನು ಬಕೆಟ್ ಕೆಳಗಿಟ್ಟೆ. ಬಕೆಟ್ಟಿನ ತಳದಲ್ಲಿ ಪುಡಿ ನಿಜವಾಗಿಯೂ ಕೆಸರಿನಂತೆ ಕೂತಿತ್ತು. ಅದನ್ನು ನೋಡುತ್ತಾ ನಿಂತೆ. ಎಂಬತ್ತು ಮಕ್ಕಳ ಸಾರಿನ ಪಾತ್ರೆ ನೆನಪಾಯಿತು, ತಳ ಕೆರೆಯುವ ಸಪ್ಪಳ ನೆನಪಾಯಿತು. ನನ್ನ ತಾಟಿಗೆ ಬೀಳುತ್ತಿದ್ದ ಸಾರು ಯಾವಾಗಲೂ ಗಟ್ಟಿಯಾಗಿತ್ತು. ಅದನ್ನು ನಾನು ಏಳು ವರ್ಷ ಉಂಡಿದ್ದೆ, ಒಂದು ದಿನವೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಇಷ್ಟು ಓದಿದವಳಿಗೆ ಇದು ತಿಳಿಯಲಿಲ್ಲ.

“ದೊಡ್ಡವ್ವ, ಸಾಲ್ಯಾಗ ನೀ ತಳ ಕಲಸ್ತಿರಲಿಲ್ಲೇನು?”

ಅವಳು ಬಕೆಟ್ಟಿನಲ್ಲಿ ಸೌಟು ತಿರುಗಿಸುತ್ತಲೇ ಇದ್ದಳು, ನನ್ನ ಕಡೆ ನೋಡಲಿಲ್ಲ.

“ಕಲಸ್ತಿದ್ನಿ. ಎಲ್ಲಾರಿಗೂ ಕಲಸೇ ನೀಡೀನಿ, ದೇವರಾಣಿ. ಕಡೀ ಒಂದು ಸೌಟು ಅಷ್ಟ ಕಲಸದ ಬಿಡ್ತಿದ್ನಿ.” ಆಮೇಲೆ ಮೆಲ್ಲಗೆ ಅಂದಳು, “ಇಪ್ಪತ್ತು ವರ್ಷದಾಗ ನಾ ಮಾಡಿದ್ದು ಅದೊಂದ ತಪ್ಪು. ಹೋದ ವರ್ಷ ನೀ ಕೇಳಿದಾಗ ಹೇಳಾಕ ನಾಚಿಕಿ ಬಂತು.”

ಅವಳನ್ನು ನಾನು ಎಷ್ಟು ಪ್ರೀತಿಸುತ್ತೇನೆಂದು ನನಗೆ ಆ ಬದುವಿನ ಮೇಲೆ ಗೊತ್ತಾಯಿತು. ಉಳಿದ ಮಡಿಗಳಿಗೆ ಅವಳು ಬಕೆಟ್ ಕಲಕುತ್ತಾ ಬಂದಳು, ನಾನು ಸುರಿಯುತ್ತಾ ಹೋದೆ.

ಫೆಬ್ರುವರಿಯಲ್ಲಿ ಗಡ್ಡೆ ಕಿತ್ತೆವು. ರೆಹಮಾನ ಸರ್ ತಕ್ಕಡಿ ತಂದು ತಾವೇ ತೂಗಿದರು. ಎರಡೂ ಹಾಕಿದ ಮಡಿಗಳು ಎಲ್ಲಕ್ಕಿಂತ ಮುಂದೆ, ಒಂದೊಂದು ಹಾಕಿದವು ನಡುವೆ, ಬೆಂದದ್ದು ಉಂಡವು ಕೊನೆಗೆ. ಐದು ಸಾಲಿನಲ್ಲೂ ಅದೇ ಕ್ರಮ. ಸರ್ ಪುಸ್ತಕ ಮುಚ್ಚಿ, “ಆತವಾ ನಿನ್ನ ಡಿಗ್ರಿ. ಇನ್ನ ಬರೆಯೂದು ಅಷ್ಟ,” ಎಂದರು. ನಾನು ಮುಷ್ಟಿಗಾತ್ರದ ಗಡ್ಡೆಗಳ ಫೋಟೋ ತೆಗೆಯುತ್ತಿದ್ದಾಗ ದೊಡ್ಡವ್ವ ಕೊನೆಯ ರಾಶಿಯ ಮುಂದೆ ಕೂತು ಲಿಂಬೆಹಣ್ಣಿನಷ್ಟಿರುವ ಗಡ್ಡೆಗಳನ್ನು ಉಡಿಯಲ್ಲಿ ತುಂಬಿಕೊಳ್ಳುತ್ತಿದ್ದಳು.

“ಅವ್ಯಾಕ ದೊಡ್ಡವ್ವ? ದೊಡ್ಡಾವು ತಗೋ.”

“ಇರಲಿ. ಯಾರ ನೆರವೂ ಇಲ್ಲದ ಇಷ್ಟು ದುಡದಾವಲ್ಲ. ಮೊದಲ ಇವನ್ನ ಉಣ್ಣೂಣು.”

ಅವನ್ನೇ ಹಾಕಿ ಬೇಳೆ ಸಾರು ಮಾಡಿದಳು. ಅವಳ ಪಡಸಾಲೆಯಲ್ಲಿ ಸರ್, ಶಬ್ಬೀರಸಾಬ, ಕಲ್ಲೇಶಣ್ಣ, ನಾನು ಸಾಲಾಗಿ ಕೂತೆವು. ದೊಡ್ಡವ್ವ ಪಾತ್ರೆ ಹಿಡಿದು ನೇರ ನನ್ನ ಹತ್ತಿರ ಬಂದಳು.

“ಇವತ್ತ ನಿನಗ ಮೊದಲ,” ಎಂದು ಸೌಟು ಎತ್ತಿದಳು.

ನಾನು ತಾಟಿನ ಮೇಲೆ ಕೈ ಅಡ್ಡ ಇಟ್ಟೆ. “ನನಗ ಕಡೀಕ ನೀಡು.”

ಅವಳು ಎತ್ತಿದ ಸೌಟನ್ನು ಪಾತ್ರೆಗೆ ಇಳಿಸಿದಳು. ಆಮೇಲೆ ಸರ್ ಕಡೆ ತಿರುಗಿದಳು. ಎಲ್ಲರಿಗೂ ತಳ ಕಲಕಿ ನೀಡಿದಳು. ಕೊನೆಗೆ ನನ್ನ ಮುಂದೆ ಬಂದು ಕೂತಳು. ಪಾತ್ರೆಯ ತಳದಲ್ಲಿ ಸೌಟು ಕೆರೆಯಿತು, ಗಟ್ಟಿ ಬೇಳೆಯಲ್ಲಿ ಎರಡು ಸಣ್ಣ ಗಡ್ಡೆ ಮೇಲೆ ಬಂದವು.

“ಕಲಸಿಲ್ಲ,” ಎಂದಳು.

“ಗೊತ್ತೈತಿ,” ಎಂದು ತಾಟು ಮುಂದೆ ಮಾಡಿದೆ.